407ರ ಡಿಫರೆನ್ಷಿಯಲ್ ಇಳಿಸಿದ್ದು

12 ಡಿಸೆಂಬರ್ 2024, ಗುರುವಾರ
ಮಂಡ್ಯ

ಆಲೆಮನೆಯಿಂದ ಬೆಲ್ಲ ಹೊರುವ ಟಾಟಾ 407 ಬೆಳಿಗ್ಗೆಯೇ ಗ್ಯಾರೇಜಿಗೆ ಬಂತು. ಆಕ್ಸಿಲರೇಟರ್ ಕೊಟ್ಟರೆ ಹಿಂದಿನಿಂದ ಗುಂಯ್ ಅಂತ ಸದ್ದು. ಹಿಂದಿನ ಎರಡೂ ಚಕ್ರಕ್ಕೆ ಎಂಜಿನ್ನಿನ ಬಲ ಹಂಚುವ ಗೇರುಗಳ ಗಡ್ಡೆ, ಅಂದರೆ ಡಿಫರೆನ್ಷಿಯಲ್, ಅದರ ಎಣ್ಣೆ ಇಳಿಸುವ ಡ್ರೈನ್ ಪ್ಲಗ್ ಬಿಚ್ಚಿದೆ. ಎಣ್ಣೆ ತೀರಾ ಕಮ್ಮಿ ಬಂತು, ಜೊತೆಗೆ ಕಬ್ಬಿಣದ ಚೂರುಗಳೂ ಬಂದವು. ಸಣ್ಣ ಪುಡಿ ಬಂದರೆ ಸವೆತ ಅನ್ನಬಹುದು. ಚೂರು ಬಂದರೆ ಹಲ್ಲು ಮುರಿದಿದೆ ಅಂತಲೇ ಲೆಕ್ಕ.

ಯಜಮಾನರಿಗೆ ಅವಸರ. ಇದೇ 20ರಿಂದ ಊರಲ್ಲಿ 87ನೇ ಸಾಹಿತ್ಯ ಸಮ್ಮೇಳನ, ಬಾಡಿಗೆ ಒಪ್ಪಿಕೊಂಡಿದ್ದಾರೆ. "ಹಳೇದು ಕಿತ್ತು ಹೊಸದು ಕೂರಿಸೋದು ತಾನೇ ಅಣ್ಣ?" ಅಂದರು. ಕೂರಿಸೋದು ಸುಲಭ. ಕೀಳುವಾಗ ನೋಡಬೇಕಾದ್ದೇ ಜಾಸ್ತಿ.

ಮೊದಲು ನಾಲ್ಕೂ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟೆವು. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗೇರ್‌ನಲ್ಲಿ ನಿಲ್ಲಿಸಿದ್ದರೂ ಗಾಡಿ ಉರುಳುತ್ತದೆ. ಶಾಫ್ಟ್ ಬಿಚ್ಚುವ ಮುಂಚೆ ಅದು ಜೋಡಣೆಯಾಗುವ ಎರಡೂ ಬಿಲ್ಲೆ, ಅಂದರೆ ಫ್ಲ್ಯಾಂಜ್ ಮೇಲೆ ಬಣ್ಣದಿಂದ ಗುರುತು ಹಾಕಿದೆ. ಇದ್ದ ಹಾಗೇ ಕೂರದಿದ್ದರೆ ಶಾಫ್ಟ್ ಅದುರುತ್ತದೆ. ಬಿಚ್ಚಿದ ತುದಿಯನ್ನು ಚಾಸಿಗೆ ಹಗ್ಗದಲ್ಲಿ ಕಟ್ಟಿದೆವು.

"ಅಣ್ಣ, ಚಕ್ರನೂ ಬಿಚ್ಚಬೇಕಾ?" ಅಂದ ಹುಡುಗ.

"ಬ್ಯಾಡ ಕಣ್ಲಾ. ಇದ್ರಲ್ಲಿ ಭಾರ ಹೊರೋದು ಹೊರಗಿನ ಕವಚ, ಹೌಸಿಂಗು. ಒಳಗಿನ ಆಕ್ಸಲ್ ಬರೀ ಚಕ್ರ ತಿರುಗ್ಸುತ್ತೆ."

ಹಬ್ಬಿನ ನಟ್ಟುಗಳನ್ನು ತೆಗೆದು ಎರಡೂ ಆಕ್ಸಲ್ ಎಳೆದೆವು. ಎಡ ಯಾವುದು, ಬಲ ಯಾವುದು ಅಂತ ಚಾಕ್‌ಪೀಸಿನಲ್ಲಿ ಬರೆದೆ. ಆಮೇಲೆ ಡಿಫರೆನ್ಷಿಯಲ್ಲನ್ನು ಹೌಸಿಂಗಿಗೆ ಹಿಡಿದಿಟ್ಟ ನಟ್ಟುಗಳು. ಮೇಲಿನ ಎರಡನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿದೆವು. ನಡುವೆ ಅಂಟಿಕೊಂಡ ಹಳೇ ಗ್ಯಾಸ್ಕೆಟ್ ಒಮ್ಮೆಲೇ ಬಿಟ್ಟುಕೊಂಡರೆ ಅಷ್ಟು ಭಾರ ಮೈಮೇಲೆ ಬೀಳುತ್ತದೆ. ಟ್ರಾಲಿ ಜಾಕ್ ಕೆಳಗೆ ಕೊಟ್ಟು, ಮೆಲ್ಲಗೆ ಅಲ್ಲಾಡಿಸಿ ಮುಂದಕ್ಕೆ ಎಳೆದೆವು. ಶಾಫ್ಟಿನಿಂದ ತಿರುಗುವ ಚಿಕ್ಕ ಗೇರ್ ಪಿನಿಯನ್‌ನ ಎರಡು ಹಲ್ಲು ಹೋಗಿದ್ದವು.

ಪಿನಿಯನ್ ತಿರುಗಿಸುವ ದೊಡ್ಡ ಗೇರ್ ಕ್ರೌನ್. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ತಯಾರಾಗುವಂಥವು. ಒಂದನ್ನು ಮಾತ್ರ ಬದಲಿಸಿದರೆ ಸದ್ದು ಹೋಗುವುದಿಲ್ಲ. ಹಾಗಾಗಿ ಬದಲಿಗೆ ಪೂರ್ತಿ ಅಸೆಂಬ್ಲಿಯನ್ನೇ ತರಿಸಿದ್ದು. ಆದರೂ ಹಳೆಯದರ ಹಲ್ಲು ಎಣಿಸಿ ಹೊಸದಕ್ಕೆ ತಾಳೆ ನೋಡಿದೆ. ಕ್ರೌನ್‌ಗೆ 41, ಪಿನಿಯನ್‌ಗೆ 8 ಇದ್ದರೆ 5.125 ರೇಷಿಯೋ, ಅಂದರೆ ಕ್ರೌನ್ ಒಂದು ಸುತ್ತಿಗೆ ಪಿನಿಯನ್ ಅಷ್ಟು ಸುತ್ತು. ಹೊರಗಿನಿಂದ ಒಂದೇ ಥರ ಕಂಡರೂ ಒಂದು ಹಲ್ಲು ಹೆಚ್ಚುಕಮ್ಮಿಯಾದರೆ ಗಾಡಿಯ ಎಳೆತವೇ ಬೇರೆಯಾಗುತ್ತದೆ. ಪುಣ್ಯಕ್ಕೆ ಎರಡೂ ಸರಿಹೊಂದಿದವು.

ಮಧ್ಯಾಹ್ನ ಪೂರ್ತಿ ಹೌಸಿಂಗ್ ತೊಳೆಯುವುದರಲ್ಲೇ ಹೋಯಿತು. ಡೀಸೆಲ್ ಹಾಕಿ, ಬಟ್ಟೆಯಲ್ಲಿ ಒರೆಸಿ, ಕೊಳವೆಯ ತುದಿಯವರೆಗೂ ನೋಡಿದೆವು. ಮುರಿದ ಹಲ್ಲಿನ ಒಂದು ಚೂರು ಒಳಗೆ ಉಳಿದರೂ ಸಾಕು, ಹೊಸದನ್ನು ತಿಂದುಹಾಕುತ್ತದೆ. ನನಗೆ ಈ ಕೆಲಸದಲ್ಲಿ ಬೇಸರವೇ ಬರುವುದಿಲ್ಲ.

ಹಾಗೆ ತೊಳೆಯುವಾಗಲೇ ಹೌಸಿಂಗಿನ ಗಾಳಿಕಿಂಡಿ, ಬ್ರೀದರ್ ಕೈಗೆ ಸಿಕ್ಕಿತು. ಗದ್ದೆ ದಾರಿಯ ಮಣ್ಣು ಮೆತ್ತಿ ಪೂರ್ತಿ ಮುಚ್ಚಿಹೋಗಿತ್ತು. ಒಳಗೆ ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಎಣ್ಣೆ ಸೋರದಂತೆ ತಡೆಯುವ ಸೀಲ್ ಪಕ್ಕದಿಂದ ಎಣ್ಣೆಯನ್ನು ತಳ್ಳಿದೆ. ಎಣ್ಣೆ ಇಳಿದಿದೆ, ಹಲ್ಲು ಮುರಿದಿದೆ. ಇದನ್ನು ಬಿಟ್ಟು ಹೊಸದು ಕೂರಿಸಿದ್ದರೆ ಅದಕ್ಕೂ ಇದೇ ಗತಿ ಆಗುತ್ತಿತ್ತು. ಯಜಮಾನರನ್ನು ಕರೆದು ತೋರಿಸಿದೆ. ನಾಳೆ ಬೆಳಿಗ್ಗೆ ಬ್ರೀದರ್, ಸೀಲ್, ಗ್ಯಾಸ್ಕೆಟ್ ಮೂರನ್ನೂ ಅವರೇ ತಂದುಕೊಡುತ್ತಾರೆ.