ಅಜ್ಜಿಯ ಎಚಿಂಗ್: ಎರಡನೇ ತಗಡು

ಲೋಹದ ತಗಡಿನ ಮೇಲೆ ಚಿತ್ರ ಗೀರಿ, ರಾಸಾಯನಿಕದಲ್ಲಿ ಕೊರೆಸಿ, ಶಾಯಿ ತುಂಬಿ ಕಾಗದಕ್ಕೆ ಅಚ್ಚು ತೆಗೆಯುವುದೇ ಎಚಿಂಗ್. ಅಜ್ಜಿಯ ಮುಖ ಬರೆದ ಮೊದಲ ತಗಡಿನ ಪ್ರಿಂಟನ್ನು ಅಮ್ಮನಿಗೆ ತೋರಿಸಿದೆ. ಒಂದೇ ನೋಟ. "ಅಜ್ಜಿ ಎಡಗಡೆ ಮೂಗುಬೊಟ್ಟು ಯಾವಾಗ ಇಟ್ಕೊಂಡಿದ್ರು?" ಅಂದರು. ಎರಡು ವಾರದ ಕೆಲಸ ಅಲ್ಲಿಗೆ ಮುಗಿಯಿತು. ತಗಡಿನ ಮೇಲೆ ಬರೆದದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ. ಮೂಲೆಯಲ್ಲಿ ನನ್ನ ಹೆಸರು ಬರೆಯುವಾಗ ಇದು ನೆನಪಿತ್ತು, ಅಜ್ಜಿಯ ಮುಖ ಬರೆಯುವಾಗ ಮರೆತೇಹೋಯಿತು! ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಕನ್ನಡಿ ನೋಡಿಕೊಂಡು ತನ್ನ ಮುಖವನ್ನೇ ಬರೆದಾಗ ಈ ತಾಪತ್ರಯವಿರಲಿಲ್ಲ. ಕನ್ನಡಿ ತಿರುಗಿಸಿದ್ದನ್ನು ಅಚ್ಚು ಮತ್ತೆ ತಿರುಗಿಸಿ ಸರಿಮಾಡುತ್ತಿತ್ತು.

ಈ ಸಲ ಫೋಟೋವನ್ನು ಟ್ರೇಸಿಂಗ್ ಪೇಪರಿಗೆ ಎತ್ತಿ, ಹಾಳೆ ಮಗುಚಿ ತಗಡಿಗೆ ಇಳಿಸಿದೆ. ತಾಮ್ರವೇ, 10 × 12 ಸೆಂ.ಮೀ. ಅಂಚನ್ನು ಅರದಿಂದ ಇಳಿಜಾರು ಮಾಡಿ, ಜಿಡ್ಡು ತೊಳೆದು, ಜೇನುಮೇಣ, ಡಾಂಬರು, ರಾಳ ಕೂಡಿದ ಗ್ರೌಂಡ್, ಅಂದರೆ ತಾಮ್ರವನ್ನು ರಾಸಾಯನಿಕದಿಂದ ಕಾಯುವ ಲೇಪ, ಬಳಿದೆ. ಅದರ ಮೇಲೆ ಸೂಜಿಯಿಂದ ಗೀರುವುದು. ತಾಮ್ರ ಇಣುಕಿದರೆ ಸಾಕು, ಒತ್ತಬೇಕಿಲ್ಲ. ಆಳ ಕೊರೆಯುವುದು ಫೆರಿಕ್ ಕ್ಲೋರೈಡಿನ ಕೆಲಸ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರು ಕೊಳ್ಳುತ್ತಾರಲ್ವಾ, ಅದೇ. ಗ್ಲೌಸ್ ಹಾಕಿಕೊಳ್ಳಿ, ಬಟ್ಟೆಗೆ ಬಿದ್ದರೆ ಆ ಹಳದಿ ಕಲೆ ಹೋಗುವುದಿಲ್ಲ. ಗೀರುಗಳಲ್ಲಿ ಗಸಿ ಕೂರದ ಹಾಗೆ ತಗಡನ್ನು ಆ ದ್ರಾವಣದಲ್ಲಿ ಬೋರಲು ಇಟ್ಟೆ.

ಜಾಸ್ತಿ ತಲೆ ಕೆಡಿಸಿದ್ದು ಕೆನ್ನೆ. ಹಿಂದಿನ ಸಲ ಅಡ್ಡಡ್ಡ ಗೀರು ತುಂಬಿ, ಅಜ್ಜಿಗೆ ಗಡ್ಡ ಬಂದ ಹಾಗಿತ್ತು. ಫ್ಲೆಮಿಶ್ ಚಿತ್ರಕಾರ ವ್ಯಾನ್ ಡೈಕ್ 1630ರ ದಶಕದಲ್ಲಿ ಮಾಡಿದ ಮುಖಗಳನ್ನು ಝೂಮ್ ಮಾಡಿ ನೋಡಿದೆ. ಚರ್ಮಕ್ಕೆ ಗೀರಿಗಿಂತ ಚುಕ್ಕಿಗಳನ್ನೇ ನೆಚ್ಚಿದ್ದಾನೆ. ತನ್ನದೇ ಚಿತ್ರದಲ್ಲಂತೂ ಮೊದಲು ತಲೆಯೊಂದನ್ನೇ ಬರೆದು ಉಳಿದ ತಗಡನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟಿದ್ದ. ಎಂಥ ಧೈರ್ಯ! ನಾನೂ ಕೆನ್ನೆಗೆ ಬರೀ ಚುಕ್ಕಿ ಇಟ್ಟೆ. 8 ನಿಮಿಷಕ್ಕೆ ಹೊರತೆಗೆದು, ತೊಳೆದು, ಒಣಗಿಸಿ, ಅಲ್ಲಿ ಇನ್ನು ಕೊರೆಯದ ಹಾಗೆ ಕೆನ್ನೆಯ ಮೇಲೆ ವಾರ್ನಿಷ್ ಹಚ್ಚಿ ಮುಚ್ಚಿ, ತಗಡನ್ನು ಮತ್ತೆ ಅದ್ದಿದೆ. ಸುಕ್ಕುಗಳಿಗೆ ಒಟ್ಟು 20 ನಿಮಿಷ. ಕೂದಲು, ಸೆರಗಿನ ಅಂಚು 45. ಹೊತ್ತು ಹೆಚ್ಚಾದಷ್ಟೂ ಗೀರು ಆಳ, ಆಳವಾದಷ್ಟೂ ಕಪ್ಪು.

ಭಾನುವಾರ ಗೆಳೆಯನ ಪ್ರೆಸ್ಸಿನಲ್ಲಿ ಅಚ್ಚು ತೆಗೆದೆ. ಶಾಯಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದ ಸವರಿದೆ. ಒದ್ದೆ ಕಾಗದ ಎತ್ತುವಾಗ ಉಸಿರು ಬಿಗಿಹಿಡಿದಿದ್ದೆ. ಮೂಗುಬೊಟ್ಟು ಬಲಕ್ಕೇ ಇದೆ. ಕೆನ್ನೆಯೂ ಮೆತ್ತಗೆ ಬಂದಿದೆ. ಆದರೆ ಗ್ರೌಂಡ್ ಎಲ್ಲೋ ಬಿಟ್ಟುಕೊಂಡು, ತುಟಿಯ ಕೆಳಗೆ ಇಲ್ಲದ ಮಚ್ಚೆಯೊಂದು ಎದ್ದಿದೆ. ಬರ್ನಿಶರ್ ಎಂಬ ನುಣುಪು ಲೋಹದ ಉಪಕರಣದಿಂದ ಉಜ್ಜಿ ಸಪಾಟು ಮಾಡಬೇಕು, ಅಮ್ಮ ನೋಡುವ ಮೊದಲು.