ಫಿನ್ಲೆಂಡಿನ ಸಂಜೆಪತ್ರಿಕೆಗಳು

ಕೆಲವು ದಿನಗಳಿಂದ ಫಿನ್ನಿಶ್ ಭಾಷೆಯ ಪತ್ರಿಕೆಗಳ ಇತಿಹಾಸವನ್ನು ಓದುತ್ತಿದ್ದೇನೆ. ಅಲ್ಲಿನ ಟ್ಯಾಬ್ಲಾಯ್ಡ್‌ಗಳನ್ನು, ಎಂದರೆ ಸಣ್ಣ ಅಳತೆಯ ಪುಟಗಳ ಅಬ್ಬರದ ಸಂಜೆಪತ್ರಿಕೆಗಳನ್ನು, ಬರಿಯ ಗಾಸಿಪ್ ಎಂದು ತಳ್ಳಿಹಾಕುವುದು ಸುಲಭವಲ್ಲವೆನಿಸುತ್ತಿದೆ. ಹೆಲ್ಸಿಂಗಿನ್ ಸನೋಮಾತ್ ದಿನಪತ್ರಿಕೆಯ ಸೋದರಿಯಾಗಿ 1932ರಲ್ಲಿ ಇಲ್ತಾ-ಸನೋಮಾತ್ ಹುಟ್ಟಿತು. 1980ರಲ್ಲಿ ಊಸಿ ಸುಓಮಿ ಪತ್ರಿಕೆಯ ಬಳಗದಿಂದ ಇಲ್ತಾಲೆಹ್ತಿ ಎಂಬ ಎದುರಾಳಿ ಬಂದಿತು. ಗಂಭೀರವಾದ ತಾಯಿಪತ್ರಿಕೆ ಊಸಿ ಸುಓಮಿ 1991ರಲ್ಲಿ ಮುದ್ರಣ ನಿಲ್ಲಿಸಿದರೂ ಅದರ ಚುರುಕು ಮಗಳು ಇಂದಿಗೂ ಬದುಕಿದ್ದಾಳೆ.

ಬೆಳಗಿನ ಪತ್ರಿಕೆಯನ್ನು ವಾರ್ಷಿಕ ಚಂದಾ ಕಟ್ಟಿ ಮನೆಬಾಗಿಲಿಗೇ ತರಿಸಿಕೊಳ್ಳುವ ಆ ದೇಶದಲ್ಲಿ ಸಂಜೆಪತ್ರಿಕೆ ಮಾತ್ರ ಕಿಯೋಸ್ಕ್‌ನಲ್ಲಿ, ಸೂಪರ್‌ಮಾರ್ಕೆಟಿನಲ್ಲಿ ಬಿಡಿಪ್ರತಿಯಾಗಿ ಮಾರಾಟವಾಗಬೇಕಿತ್ತು; ಹೀಗಾಗಿ ಅಂಗಡಿಯೆದುರಿನ ಭಿತ್ತಿಪತ್ರದ ದಪ್ಪಕ್ಷರದ ತಲೆಬರಹವೇ ಪ್ರತಿದಿನವೂ ಹೊಸದಾಗಿ ಓದುಗನನ್ನು ಗೆಲ್ಲಬೇಕಿತ್ತು. ಅಬ್ಬರವು ಸಂಪಾದಕರ ಅಭಿರುಚಿಗಿಂತ ಹೆಚ್ಚಾಗಿ ಈ ಮಾರಾಟದ ಕ್ರಮದಿಂದಲೇ ಬಂದಿತೆಂದು ನನಗನ್ನಿಸುತ್ತದೆ. (ಸಂಪಾದಕರು ಸಂತರಾಗಿದ್ದರು ಎಂದೇನೂ ಇದರರ್ಥವಲ್ಲ.)

ಬಿಡಿಪ್ರತಿಯ ಮಾರಾಟ ಕುಸಿದ ಮೇಲೆ ಇವೆರಡೂ ತಮ್ಮ ಉಚಿತ ಜಾಲತಾಣಗಳ ಮೂಲಕ ಫಿನ್ಲೆಂಡಿನಲ್ಲಿ ಅತಿ ಹೆಚ್ಚು ಓದಲ್ಪಡುವ ಸುದ್ದಿತಾಣಗಳ ಸಾಲಿಗೆ ಸೇರಿದವು. ಪ್ರತಿದಿನ ಗಿರಾಕಿಯನ್ನು ಹೊಸದಾಗಿ ಕರೆಯುವ ಹಳೆಯ ಅಭ್ಯಾಸ ಕ್ಲಿಕ್ಕಿನ ಕಾಲಕ್ಕೆ ಚೆನ್ನಾಗಿಯೇ ಒದಗಿಬಂದಿತು. ಅತ್ತ ಹೆಲ್ಸಿಂಗಿನ್ ಸನೋಮಾತ್ ತನ್ನ ಅಗಲವಾದ ಪುಟಗಳನ್ನು ಬಿಟ್ಟು 2013ರ ಜನವರಿಯಲ್ಲಿ ಟ್ಯಾಬ್ಲಾಯ್ಡ್ ಅಳತೆಗೆ ಬಂದಿತು. ಮರುವರ್ಷ ತಾಂಪೆರೆ ನಗರದ ಆಮುಲೆಹ್ತಿಯೂ ಅದೇ ದಾರಿ ಹಿಡಿಯಿತು.