ತೋಕ್ ಪೂ ಮತ್ತು ಬೇಲಿ ಸವರೋ ಮಿಷನ್

ಇವತ್ತು ರಸ್ತೆ ಬದಿ ಬೇಲಿ ಸವರಿದ್ದಾರೆ. ಲಂಟಾನ ಜೊತೆ ತೋಕ್ ಪೂ ಬಳ್ಳಿಯೂ ಚೂರುಚೂರು.

ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ನಳಿಗೆಗೆ ಸಿಕ್ಕಿಸೋದು ಇದೇ ಹೂವು, ಅಗ್ನಿಶಿಖೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳೋ ಜಾಗತಿಕ ಐಯುಸಿಎನ್ ಪಟ್ಟಿಯಲ್ಲಿ ಇದಕ್ಕೆ ಸದ್ಯ ಆತಂಕವಿಲ್ಲ. ಆಫ್ರಿಕಾದಿಂದ ಏಷ್ಯಾವರೆಗೆ ಹರಡಿರೋ ಗಿಡ, ನಿಜವೇ. ಆದರೆ ನಮ್ಮೂರ ಬೇಲಿ ಆ ಪಟ್ಟಿಯಲ್ಲಿ ಎಲ್ಲಿದೆ?

ಇದಕ್ಕೆ ಬೇಕಿರೋದು ಕಾಡಂಚು, ತೋಟದ ಬೇಲಿ, ನೀರು ನಿಲ್ಲದ ಮಣ್ಣು. ಬುಡಕ್ಕೆ ನೆರಳು, ತಲೆಗೆ ಬಿಸಿಲು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿ ಹಿಡಿಯುತ್ತೆ, ಹಾಗಾಗಿ ಪೊದೆ ಪೂರ್ತಿ ಬೋಳಿಸಿದರೆ ಹತ್ತೋಕೆ ಆಸರೆಯೇ ಇಲ್ಲ.

ದೊಡ್ಡ ಏಟು ಬೀಳೋದು ಮಣ್ಣಿನ ಕೆಳಗೆ. ಹಳೇ ಗೆಡ್ಡೆ ಪ್ರತಿ ಮಳೆಗಾಲ ಸೊರಗಿ ಹೋಗುತ್ತೆ. ಎಲೆ ಹಸಿರಿರೋವಷ್ಟು ದಿನ ಹೊಸ ಗೆಡ್ಡೆ ತುಂಬಿಕೊಳ್ಳುತ್ತೆ. ಆಗಸ್ಟಲ್ಲಿ ಕೊಚ್ಚಿದರೆ ಅದು ಬೆರಳು ಗಾತ್ರಕ್ಕೂ ಬರಲ್ಲ, ಮುಂದಿನ ವರ್ಷ ಎಲೆ ಮಾತ್ರ, ಹೂವಿಲ್ಲ. ಬೀಜದಿಂದ ಬಂದ ಗಿಡ ಹೂ ಬಿಡೋಕೆ ಮೂರ್ನಾಲ್ಕು ವರ್ಷ ಬೇಕು.

ಹಬ್ಬಕ್ಕೆ ಕೀಳೋರು ಹೂವನ್ನ ಗೇಣುದ್ದ ತೊಟ್ಟಿನ ಜೊತೆ ಕತ್ತರಿಸಿದ್ರೆ ಸಾಕು, ಬಳ್ಳಿ ಎಳೀಬೇಡಿ. ನಾಲ್ಕು ಹೂವು ಕಾಯಿಗೆ ಬಿಡಿ.

ನೆಡೋರಿಗೆ: ಗೆಡ್ಡೆ ಇಂಗ್ಲಿಷ್ ವಿ ಆಕಾರ, ಮೊಳಕೆ ಚೂಪು ತುದಿಯಲ್ಲಿ ಮಾತ್ರ. ತುದಿ ಮುರೀತೋ, ಆ ಕವಲು ಮುಗೀತು. ಮೇ ಕೊನೆಗೆ ಎರಡು ಮೂರು ಇಂಚು ಆಳದಲ್ಲಿ ಅಡ್ಡಡ್ಡ ಇಡಿ. ನೀರು ನಿಂತರೆ ಕೊಳೆಯುತ್ತೆ.

ಗ್ಲೌಸ್ ಹಾಕ್ಕೊಳ್ಳಿ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಅನ್ನೋ ವಿಷ ಇದೆ. ಗೆಡ್ಡೆ ನೋಡೋಕೆ ಗೆಣಸಿನ ಹಾಗೇ ಇರುತ್ತೆ, ಮಕ್ಕಳಿರೋ ಮನೆಯ ಅಂಗಳಕ್ಕಂತೂ ಬೇಡವೇ ಬೇಡ.